ಠಾಣೆಗೊಂದು ಬೀಗದಕೈ

ನಮ್ಮ ಭಾವನಂಥ ಇನ್ನೊಬ್ಬ ಮೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಅಕ್ಕನ ಗಂಡ, ಬೀಗ ಮಾಡುವವರು. ಗಿರಾಕಿಯನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿಕೊಂಡೇ ಅರದಿಂದ ಬೀಗದಕೈ ಉಜ್ಜುತ್ತಿದ್ದರು. ಎರಡು ಬೀಗದಕೈ ಕೊಟ್ಟು, ಮೂರನೆಯದನ್ನು ಯಾರೂ ಮಾಡದಂತೆ ಅಳತೆಯ ತಗಡನ್ನು ಅವರ ಕಣ್ಣೆದುರೇ ಕತ್ತರಿಸಿ ಡಬ್ಬಕ್ಕೆ ಎಸೆಯುತ್ತಿದ್ದರು. ಅದನ್ನು ನೋಡಲಿಕ್ಕೇ ಜನ ದೂರದಿಂದ ಬರುತ್ತಿದ್ದರು ಅಂದರೂ ತಪ್ಪಿಲ್ಲ.

ಹೀಗಿರುವಾಗ ಸರ್ಕಾರ ಸುತ್ತೋಲೆ ಹೊರಡಿಸಿತು: ಮನೆಬೀಗಕ್ಕೆ ಮೂರನೆಯ ಬೀಗದಕೈ ಮಾಡಿಸಿ ಪೊಲೀಸ್ ಠಾಣೆಗೆ ಒಪ್ಪಿಸಬಹುದು, ಒಪ್ಪಿಸಿದ ಮನೆಯ ಬಾಗಿಲಿಗೆ ಹಸಿರು ಚೀಟಿ. ಒತ್ತಾಯವೇನೂ ಇಲ್ಲವಂತೆ. ಭಾವ ನಕ್ಕುಬಿಟ್ಟರು.

"ಅಂಥ ಬೀಗಾನ ಯಾವ ಮೂರ್ಖ ಕೊಳ್ತಾನೆ? ಗಿರಾಕಿ ಕೊಳ್ಳದಿದ್ರೆ ಸರ್ಕಾರ ತಾನೇ ಬಾಲ ಮುದುರ್ಕೊಳ್ಳುತ್ತೆ, ನೋಡ್ತಿರು."

ಬೀದಿಯ ಉಳಿದ ಬೀಗದವರೆಲ್ಲ ಸರ್ಕಾರಕ್ಕೆ ಹೂಂ ಅಂದು ಮೂರನೆಯ ಬೀಗದಕೈ ಮಾಡತೊಡಗಿದರು. ಅವರ ಗಿರಾಕಿಗಳೂ ತಮ್ಮ ಹತ್ತಿರವೇ ಬರುತ್ತಾರೆಂದು ಭಾವ ಹಿತ್ತಾಳೆ ತರಿಸಿ ರಾಶಿ ಹಾಕಿಕೊಂಡರು.

ಯಾರು ಬಂದರು? ವಿಮೆಯವರು ಚೀಟಿಯಿಲ್ಲದ ಮನೆಗೆ ಕಂತು ಏರಿಸಿದರು. ಮನೆ ಮಾಲೀಕರು ಚೀಟಿ ಅಂಟಿಸುವವರಿಗಷ್ಟೇ ಬಾಡಿಗೆಗೆ ಕೊಟ್ಟರು. ಯಾರೂ ಯಾರಿಗೂ ಅಪ್ಪಣೆ ಮಾಡಲಿಲ್ಲ, ಅವರವರ ಲಾಭ ಅವರವರು ನೋಡಿಕೊಂಡರು. ಕೊನೆಗೆ ಭಾವನ ಬೀಗ ಕಂಡರೆ ಸಾಕು, ಈ ಮನೆಯಲ್ಲಿ ಏನೋ ಬಚ್ಚಿಟ್ಟಿದ್ದಾರೆ ಅಂತ ಅಕ್ಕಪಕ್ಕದವರೇ ಪಿಸುಗುಟ್ಟತೊಡಗಿದರು. ಇವರ ಮುಖಕ್ಕಿಷ್ಟು ಬೆಂಕಿ ಹಾಕ! ಹಳೆಯ ಗಿರಾಕಿಗಳು ಅಂಗಡಿ ಹತ್ತಿರವಾದಂತೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು.

ಅಕ್ಕ ಬೈದಳು, ಅತ್ತಳು. ಭಾವ ಜಪ್ಪಯ್ಯ ಅನ್ನಲಿಲ್ಲ. ಯಾರು ಬಿಟ್ಟರೂ ಮಗಳ ಮನೆ ಬಾಗಿಲಲ್ಲಿ ನನ್ನ ಬೀಗ ಇದೆಯಲ್ಲ ಅನ್ನುತ್ತಿದ್ದರು.

ಆ ಮಗಳೇ ಒಂದು ಮಧ್ಯಾಹ್ನ ಬೀಗ ಬಿಚ್ಚಿ ತಂದು ಮೇಜಿನ ಮೇಲಿಟ್ಟಳು.

"ಅಪ್ಪ, ಚೀಟಿ ಇಲ್ಲದಿದ್ರೆ ಮನೆ ಖಾಲಿ ಮಾಡು ಅಂತಿದ್ದಾರೆ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ಮೂರನೇ ಬೀಗದಕೈ ನೀನೇ ಮಾಡ್ಕೊಡು, ಇಲ್ಲಾಂದ್ರೆ ಬೇರೆ ಬೀಗ ತಗೋತೀನಿ."

ಭಾವ ಬೀಗವನ್ನು ಹತ್ತಿರಕ್ಕೆ ಎಳೆದುಕೊಂಡರು. ಮೂರನೆಯದನ್ನು ಉಜ್ಜಿದರು. ಅದಕ್ಕೂ ಅಷ್ಟೇ ನಯ, ಅಷ್ಟೇ ಹೊಳಪು.

ಠಾಣೆಗೆ ನಾನೂ ಜೊತೆಗೆ ಹೋದೆ. ಪೇದೆ ಬೀಗದಕೈಯನ್ನು ಡ್ರಾಯರಿಗೆ ಹಾಕಿ ಚೀಟಿ ಕೊಟ್ಟ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಯಜಮಾನ್ರೇ, ನಮ್ಮನೆಗೊಂದು ಬೀಗ ಬೇಕಿತ್ತು. ನಿಮ್ಮ ಹಳೇ ಥರದ್ದು, ಎರಡೇ ಬೀಗದಕೈಯದ್ದು."

"ಅದನ್ನ ಈಗ ಯಾರೂ ಮಾಡಲ್ಲ ಕಣಪ್ಪ" ಅಂದರು ಭಾವ.