ಬಾಜೂದಾಕಿಯ ಕುಣಿತ

ಧಾರವಾಡ ಬಿಡುವಾಗಲೇ ನನಗೆ ಖಾತ್ರಿಯಿತ್ತು, ಫೋನ್ ಮಾಡಿದ ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ. ರೈಲು ಗದಗ ದಾಟಿ ಕೊಪ್ಪಳ ಮುಟ್ಟುವವರೆಗೂ ಅದೊಂದೇ ಯೋಚನೆ.

ನೃತ್ಯಗುರು ವನಮಾಲಾಬಾಯಿ ತೀರಿಕೊಂಡ ಮೇಲೆ ಅವರ ಶಿಷ್ಯೆಯರು ಎಲ್ಲೆಲ್ಲಿಂದಲೋ ಹುಟ್ಟಿಕೊಂಡಿದ್ದಾರೆ. ಗೆಜ್ಜೆ ಬಿಚ್ಚಿಟ್ಟು, ದೇವರ ಕಥೆ ಬಿಟ್ಟು, ನೀರು ಹೊರುವ ಹೆಂಗಸರ ನಡಿಗೆಯನ್ನೇ ನೃತ್ಯ ಮಾಡಿದವರಲ್ಲಿ ನಮ್ಮ ಕಡೆ ಅವರೇ ಮೊದಲಿಗರು. ಆಗ ಮೂಗು ಮುರಿದವರೇ ಈಗ ಅವರ ಹೆಸರು ಹೇಳಿ ಶಾಲು ಹೊದಿಸಿಕೊಳ್ಳುತ್ತಾರೆ. ನಾನು ಮಕ್ಕಳಿಗೆ ಕಲಿಸುವುದೂ ಅವರ ದಾರಿಯನ್ನೇ.

ಅವರ 'ಒರತೆ' ಇಬ್ಬರೇ ಕುಣಿಯುವ ನೃತ್ಯ. ಅದರಲ್ಲಿ ನನ್ನ ಅವ್ವ ಕುಣಿದಿದ್ದಳು. ಮದುವೆಯಾದ ಮೇಲೆ ಕುಣಿತದ ಮಾತನ್ನೇ ಆಡಲಿಲ್ಲ, ಈಗ ಅವಳೂ ಇಲ್ಲ. ಕ್ಯಾಮೆರಾ ಕಂಡರೆ ವನಮಾಲಾಬಾಯಿಗೆ ಆಗುತ್ತಿರಲಿಲ್ಲ, ಹಾಗಾಗಿ ಉಳಿದದ್ದು ಒಂದೇ ಫೋಟೊ. ಅದರಲ್ಲಿ ಅವ್ವ ತಲೆಯ ಮೇಲೆ ಇಲ್ಲದ ಕೊಡ ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಒಬ್ಬ ಹುಡುಗಿ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಪೇಪರಿನಲ್ಲಿ ಆ ಫೋಟೊ ನೋಡಿ, ಆ ಹುಡುಗಿ ತಾನೇ ಎಂದು ಯಲಬುರ್ಗಾ ಕಡೆಯ ಹನುಮವ್ವ ಫೋನ್ ಮಾಡಿದ್ದಳು. ಮುಂದಿನ ತಿಂಗಳು 'ಒರತೆ'ಯನ್ನು ಮತ್ತೆ ರಂಗಕ್ಕೆ ತರುವುದು ನನ್ನ ಆಸೆ. ಇವಳನ್ನು ನಂಬಿ, ಆಮೇಲೆ ಎಲ್ಲ ಸುಳ್ಳೆಂದು ಗೊತ್ತಾದರೆ ಅವ್ವನ ಹೆಸರಿಗೇ ಮಸಿ.

ಕೊಪ್ಪಳದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಯಲಬುರ್ಗಾ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಬೇಕು. ಕಂಡಕ್ಟರ್ ನನ್ನ ಕಾರ್ಡನ್ನೂ ಮುಖವನ್ನೂ ತಿರುಗಿ ತಿರುಗಿ ನೋಡಿದ.

"ಮೇಡಂ, ಈ ಫೋಟೊ ನಿಮ್ಮದ ಏನ್ರಿ?"

"ಮತ್ತ್ಯಾರದು?"

"ಸಿಟ್ಟಾಗಬ್ಯಾಡ್ರಿ. ಅಕ್ಕನ ಕಾರ್ಡು ತಂಗಿ ತರೋರು ಭಾಳ ಮಂದಿ ಅದಾರ."

ಎಂಥ ಅನುಮಾನದ ಮನುಷ್ಯ ಎಂದು ಮೈಯೆಲ್ಲ ಉರಿಯಿತು.

ಯಲಬುರ್ಗಾದಲ್ಲಿ ಇಳಿದು ಕುಷ್ಟಗಿ ಕಡೆಯ ಬಸ್ಸು ಹಿಡಿದೆ. ಎರಡೂ ಕಡೆ ಕರಿ ಮಣ್ಣಿನ ಹೊಲ, ಕಡಲೆ ಗಿಡ ಕಾಯಿ ಕಟ್ಟಿತ್ತು, ಬಿಸಿಲು ಮಾತ್ರ ಆಗಲೇ ಚುರುಗುಟ್ಟುತ್ತಿತ್ತು. ಹಳ್ಳಿಯ ಸ್ಟಾಪಿನಲ್ಲಿ ಕಾಯುತ್ತಿದ್ದ ಹನುಮವ್ವ ನಾನು ಇಳಿಯುತ್ತಲೇ, "ಬರ್ರಿ ಯವ್ವಾ, ಅದ ಮೂಗು, ನಿಮ್ಮವ್ವಂದ," ಎಂದಳು. ಅಲ್ಲಿ ಇಳಿದವಳು ನಾನೊಬ್ಬಳೇ, ಗುರುತು ಹಿಡಿಯಲು ಮೂಗೇ ಬೇಕಿತ್ತೇ ಎಂದುಕೊಂಡೆ.

ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ರುಚಿಯಾಗಿತ್ತು, ಆದರೆ ರೊಟ್ಟಿ ರುಚಿಯಾದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ.

"ವನಮಾಲಾಬಾಯಾರು ನಿಮಗ ಹೆಂಗ ಸಿಕ್ರು?"

"ನಮ್ಮ ಹಳ್ಳ ಬತ್ತಿದಾಗ ಉಸುಕು ತೋಡಿ, ಒರತಿ ನೀರು ತೆಂಗಿನ ಚಿಪ್ಪಿಲೆ ತುಂಬತಿದ್ವಿರಿ. ಅದನ್ನ ನೋಡಾಕ ಬಂದ್ರು. ದಿನಾ ದಂಡ್ಯಾಗ ಕುಂದರತಿದ್ರು. ಒಂದಿನ, ನೀ ನನ್ನ ಜೋಡಿ ಬರ್ತಿಯೇನು ಅಂದ್ರು. ಹೋದೆ."

"ಹಂಗಾದ್ರ ನೀವು ಕುಣಿದದ್ದನ್ನ ತೋರಸ್ರಿ."

ಅಂಗಳದಲ್ಲಿ ಸೆರಗು ಸಿಕ್ಕಿಸಿ ನಿಂತಳು. ಇಲ್ಲದ ಕೊಡವನ್ನು ಎರಡೂ ಕೈಯಿಂದ ತಲೆಗೆ ಏರಿಸಿ, ಹಿಮ್ಮಡಿ ಎತ್ತಿ, ಮೈ ಅಲುಗಿಸದೆ ಕತ್ತನ್ನಷ್ಟೇ ತಿರುಗಿಸುತ್ತ ನಡೆದಳು. ಸಿಕ್ಕಿಬಿದ್ದೆಯಲ್ಲ ತಾಯಿ! ಫೋಟೊ ತೆಗೆದು ಮುಂದಿಟ್ಟೆ.

"ಹನುಮವ್ವಾರ, ಇದರಾಗ ನೀವು ಕುಂತೀರಿ. ನಿಂತಾಕಿ ನಮ್ಮವ್ವ. ಇದು ನಿಮ್ಮ ಕುಣಿತ ಹೆಂಗಾತು?"

ಆಕೆ ನಕ್ಕೇಬಿಟ್ಟಳು. "ಬಾಯಾರು ನಂದು ನನಗ ಕಲಿಸ್ಲೇ ಇಲ್ರಿ! ಈ ಕುಣಿತಕ್ಕ ಅವರದೊಂದು ರೀತಿ ಇತ್ತು. ನಿಮ್ಮವ್ವಂದು ಮೊದಲ ನನಗ ಕಲಿಸಿದ್ರು, ನಂದು ನಿಮ್ಮವ್ವಗ. ಆಮ್ಯಾಲ, ಬಾಜೂದಾಕಿಗೆ ಆಕಿದನ್ನ ನೀವ ಒಬ್ಬರಿಗೊಬ್ಬರು ಕಲಿಸ್ರಿ ಅಂದ್ರು. ಮೊದಲ ಕಲ್ತದ್ದು ಇದ, ಉಳದದ್ದೂ ಇದ. ನಂದು ಪೂರಾ ಮರ್ತೈತಿ. ನಿಮ್ಮವ್ವಗ ಬರ್ತಿತ್ತು, ಆಕಿ ಹೋದ್ಲು."

ಚೆನ್ನಾಗಿ ಹೆಣೆದ ಕಥೆ ಎಂದು ಬಾಯಿವರೆಗೆ ಬಂದಿತ್ತು. ಅಷ್ಟರಲ್ಲಿ ನಮ್ಮ ಅಡುಗೆಮನೆ ನೆನಪಾಯಿತು. ಹಂಡೆಯಿಂದ ನೀರು ತೆಗೆಯುವಾಗ ಅವ್ವ ಸುಮ್ಮನೆ ಬಗ್ಗುತ್ತಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಬೊಗಸೆಯನ್ನು ಚಿಪ್ಪಿನಂತೆ ಮಾಡಿ, ಮೆಲ್ಲಗೆ ಮೊಗೆದು, ಮುಂಗೈ ಹೊರಳಿಸಿ, ನೀರು ಒಸರುವ ಸದ್ದಿಗೆ ಕಾಯುವವಳಂತೆ ಕಿವಿಗೊಡುತ್ತಿದ್ದಳು. ನಿನಗೇನು ಹುಚ್ಚೇನವ್ವಾ ಎಂದು ನಾವು ನಗುತ್ತಿದ್ದೆವು.

ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಮೊಗೆದೆ, ಮುಂಗೈ ಹೊರಳಿಸಿದೆ, ಕಿವಿಗೊಟ್ಟೆ.

ಹನುಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯವ್ವಾ, ಅದು ನಂದು! ಯಾರು ಕೊಟ್ರು ನಿಮಗ?"

"ನಮ್ಮವ್ವ," ಎಂದೆ. ಅಳು ತಡೆಯಲಾಗಲಿಲ್ಲ.

ಸಂಜೆಯವರೆಗೂ ಅಂಗಳ ಬಿಟ್ಟು ಏಳಲಿಲ್ಲ. ಅವಳದನ್ನು ನಾನು ಕಲಿಸಿದೆ, ಅವ್ವನದನ್ನು ಅವಳು ಕಲಿಸಿದಳು. ಬಸ್ಸಿಗೆ ಬಿಡಲು ಬಂದವಳನ್ನು ಮುಂದಿನ ತಿಂಗಳು ರಂಗದ ಮೇಲೆ ನೀವೇ ಕುಣಿಯಬೇಕು ಎಂದು ಕೇಳಿಕೊಂಡೆ. "ನಿಮ್ಮವ್ವಂದೋ, ನಂದೋ?" ಎಂದಳು. ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಹನುಮವ್ವ ರಸ್ತೆಯ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತನ್ನದನ್ನು ಮೊಗೆಯುತ್ತಿದ್ದಳು, ಥೇಟ್ ನಮ್ಮವ್ವನ ಹಾಗೆ.