ಕರು ಕುಡಿದ ಮೇಲಿನ ಗಿಣ್ಣ

ಮಾದನಹಿಪ್ಪರಗಾದ ಕಲ್ಯಾಣಪ್ಪನ ಕೊಟ್ಟಿಗೆ. ಬೆಳಕು ಹರಿಯುತ್ತಿದೆ. ಆಕಳು ಈದು ಅರ್ಧ ತಾಸಾಗಿದೆ. ಐವತ್ತೆರಡರ ಸಾಬವ್ವ ಮೊಣಕಾಲೂರಿ ಗೋಣಿತಟ್ಟಿನಿಂದ ಕರುವಿನ ಮೈ ಒರೆಸುತ್ತಿದ್ದಾರೆ. ಪಕ್ಕದಲ್ಲಿ ನೋಡುತ್ತ ನಾನು. ಬಾಗಿಲಲ್ಲಿ ಕಲ್ಯಾಣಪ್ಪನ ತಾಯಿ ಗುರುಬಾಯಿ, ಕೈಯಲ್ಲಿ ಖಾಲಿ ತಂಬಿಗೆ.

"ಮಾಸು ಬೀಳೂತನ ಕರಕ್ಕ ಮೊಲಿ ಕೊಡಬ್ಯಾಡ. ನಮ್ಮ ಮನಿ ಪದ್ಧತಿ ಅದ."

"ನನ್ನ ಪದ್ಧತೀನೂ ಅದೇ ಇತ್ರಿ ಯಕ್ಕಾ. ಅದಕ್ಕೇ ಮೊದಲ ಕರಕ್ಕ ಕುಡಸ್ರಿ ಅಂತ ಹೇಳಾಕತ್ತೇನಿ," ಎನ್ನುತ್ತಲೇ ಸಾಬವ್ವ ಕರುವನ್ನು ಕೆಚ್ಚಲಿಗೆ ನೂಕುತ್ತಾರೆ. ಅದು ಕುಸಿಯುತ್ತದೆ. ಎತ್ತುತ್ತಾರೆ. ಮತ್ತೆ ಕುಸಿಯುತ್ತದೆ, ಮತ್ತೆ ಎತ್ತುತ್ತಾರೆ.

ಈದ ಆಕಳ ದಪ್ಪ ಹಳದಿ ಹಾಲು ಈ ಕಡೆ ಬಾಣಂತಿಗೂ ಜ್ವರದಿಂದ ಎದ್ದವರಿಗೂ ಮೊದಲ ಔಷಧ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣ. ಎಲ್ಲರ ಕಣ್ಣು ತಂಬಿಗೆಯ ಮೇಲೆ. ಕರುವಿನ ಸರದಿ ಮಾಸು, ಅಂದರೆ ಈದ ಮೇಲೆ ಬೀಳುವ ಗರ್ಭಚೀಲ, ಬಿದ್ದ ಮೇಲೆ, ಒಮ್ಮೊಮ್ಮೆ ಮಧ್ಯಾಹ್ನಕ್ಕೆ.

ಹನ್ನೊಂದು ವರ್ಷದ ಹಿಂದೆ, ೧೯೭೮ರಲ್ಲಿ, ಸಾಬವ್ವ ಕೂಡ ಹೀಗೇ ಕಾದಿದ್ದರು. ಮೊದಲ ಹಾಲೆಲ್ಲ ವಿಷಮಜ್ವರದಿಂದ ಸೊರಗಿದ್ದ ಗಂಡ ಹುಲೆಪ್ಪನಿಗೆ. ಗಂಡ ಚೇತರಿಸಿಕೊಂಡರು, ಕರು ನಾಲ್ಕನೇ ದಿನ ಭೇದಿ ಹತ್ತಿ ಸತ್ತಿತು. ಮೊದಲ ಹಾಲೇ ಕರುವಿನ ಜೀವ, ಅದು ಚೀಪಿದರೆ ಮಾಸು ಬೀಳುವುದಕ್ಕೂ ಅನುಕೂಲ ಎಂದು ಆಳಂದದ ದನದ ದವಾಖಾನೆಯ ಸಲಾವುದ್ದೀನ ಆಮೇಲೆ ತಿಳಿಸಿದರಂತೆ.

"ಗಂಡಗ ಉಣಿಸಿದ್ದಕ್ಕ ಬ್ಯಾಸರಿಲ್ರಿ. ಕರದ ಪಾಲು ಕಸಗೊಂಡೆ, ಅದೇ ಇನ್ನೂ ಚುಚ್ಚತದ." ಅಂದಿನಿಂದ ಅವರು ಗಿಣ್ಣ ಬಾಯಿಗಿಟ್ಟಿಲ್ಲ.

ಈ ವರ್ಷ ಮೂವತ್ನಾಲ್ಕು ಮನೆಯ ಕೊಟ್ಟಿಗೆ ಹೊಕ್ಕಿದ್ದಾರೆ. ಕರೆದವರಿಗಿಂತ ಬೈದವರೇ ಹೆಚ್ಚು. ಉಳಿಯದ ಕರು ಎರಡೇ. ಕೂಲಿ ಇಲ್ಲ. ಕರುವಿನ ಹೊಟ್ಟೆ ತುಂಬಿ ಮಿಕ್ಕ ಹಾಲನ್ನು ಬಾಣಂತಿಯ ಮನೆಗೆ ಒಯ್ದು ಕೊಡುತ್ತಾರೆ. ಪಾತ್ರೆ ಬರಿದಾಗಿ ಹಿಂದಿರುಗಬಾರದೆಂದು ಆ ಮನೆಯವರು ಅದರಲ್ಲಿ ಹಿಡಿ ಜೋಳ ಹಾಕುತ್ತಾರೆ, ಅಷ್ಟೇ.

ಈಗ ಕರು ಮೊಲೆ ಹಿಡಿದಿದೆ, ಬಾಯಲ್ಲಿ ನೊರೆ. ಗುರುಬಾಯಿ ಮಾತ್ರ ಕದಲಿಲ್ಲ. "ಮಾಸು ಬೀಳದಿದ್ರ ನಿನ್ನೇ ಕೇಳತೇನಿ."

"ಕೇಳ್ರಿ. ಇಲ್ಲೇ ಕುಂಡ್ರತೇನಿ."

ಕುಳಿತೇ ಬಿಡುತ್ತಾರೆ. ಜೊತೆಗೆ ಕುಳಿತ ನನ್ನ ಕಾಲು ಜೋಮು ಹಿಡಿಯುತ್ತದೆ, ಅವರದಲ್ಲ. ಎಂಟರ ಸುಮಾರಿಗೆ ಮಾಸು ಬೀಳುತ್ತದೆ. ಗುರುಬಾಯಿ ಸೋತೆ ಎನ್ನುವುದಿಲ್ಲ. ತಂಬಿಗೆ ಚಾಚಿ, "ಕರ ಬಿಟ್ಟಷ್ಟು ಹಿಂಡು," ಎನ್ನುತ್ತಾರೆ.

ನಿಮಗೇನು ಆಸೆ ಎಂದು ದಾರಿಯಲ್ಲಿ ಕೇಳುತ್ತೇನೆ.

"ನನ್ನ ಯಾರೂ ಕರೀಬಾರ್ದ್ರಿ. ನಾ ಬರೂದ್ರಾಗ ಊರಾಗಿನ ಎಲ್ಲಾ ಕರದ ಹೊಟ್ಟಿ ತುಂಬಿರಬೇಕು. ಆವತ್ತು ಒಂದು ಹೋಳು ಗಿಣ್ಣ ತಿಂತೇನಿ."