ಗುಬ್ಬಿಯ ಎದೆಯೊಳಗಿನ ರಾಕ್ಷಸ

ಶಾಲೆಯ ನರ್ಸಮ್ಮನಿಗೆ ಮಕ್ಕಳು ಇಟ್ಟ ಹೆಸರು ಸೂಜಿ ಮಿಸ್. ಗಂಡ ದರ್ಜಿ. ಅವನು ಬಟ್ಟೆ ಹೊಲಿಯುತ್ತಿದ್ದ, ಈಕೆ ಬಟ್ಟೆಯೊಳಗಿನವರನ್ನು ಹೊಲಿಯುತ್ತಿದ್ದರು. ಇಲ್ಲಿಗೆ ಬರುವ ಮೊದಲು ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಅರ್ಧ ಆಯಸ್ಸು ಕಳೆದಿತ್ತು: ಬಾಟಲಿಗೆ ಒಡೆದ ತಲೆಗಳು, ಚಾಕು ಕಂಡ ಹೊಟ್ಟೆಗಳು, ಭಾವ ಕಚ್ಚಿದ ಕಿವಿಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದ ಭಾವಮೈದ. ಹೀಗಾಗಿ ಮಕ್ಕಳಿಗೆ ಕಾಯಿಲೆಗಳನ್ನು ವಿವರಿಸಿ ಎಂದು ಹೆಡ್ ಮಿಸ್ ಹೇಳಿದಾಗ ಅವರ ಬಾಯಿಗೆ ಬಂದದ್ದು ತಿಳಿದಿದ್ದ ಒಂದೇ ಭಾಷೆ, ಹೊಡೆದಾಟದ್ದು.

"ನೆಗಡಿ ಅಂದ್ರೇನು? ಮೂಗಿನ ಬಾಗಿಲು ಒದ್ದು ಕಳ್ಳರು ನುಗ್ಗೋದು. ಒಳಗಿರೋ ಪೈಲ್ವಾನರು ಅವರ ಕೈಕಾಲು ಮುರೀತಾರೆ. ಸಿಂಬಳ ಇದ್ಯಲ್ಲ, ಅದೆಲ್ಲ ಹೆಣ."

ಮಕ್ಕಳು ತಮ್ಮ ಅಂಗಿತೋಳಿನ ಮೇಲಿದ್ದ ಹೆಣಗಳನ್ನು ಗೌರವದಿಂದ ನೋಡಿಕೊಂಡರು.

ಎರಡನೇ ತರಗತಿಯ ಗುಬ್ಬಿಗೆ ಉಬ್ಬಸ. ಅಂಟಿಕೊಳ್ಳುತ್ತದೆಂದು ಯಾರೂ ಅವಳ ಪಕ್ಕ ಕೂರುತ್ತಿರಲಿಲ್ಲ. ಸೂಜಿ ಮಿಸ್ ಆ ತರಗತಿಗೂ ಹೋಗಿ ತೊಡೆ ತಟ್ಟಿದರು.

"ಇದು ಯಾರಿಗೂ ಅಂಟಲ್ಲ. ಗುಬ್ಬಿ ಎದೇಲಿ ಒಬ್ಬ ರಾಕ್ಷಸ ಕೂತಿದಾನೆ. ಆಗಾಗ ಎದ್ದು ಉಸಿರಿನ ಕೊಳವೆ ಹಿಸುಕ್ತಾನೆ. ಈ ಇನ್ಹೇಲರ್ ಇದ್ಯಲ್ಲ, ಇದೇ ಬಂದೂಕು!"

ಚಪ್ಪಾಳೆಯೋ ಚಪ್ಪಾಳೆ. ಅಂದಿನಿಂದ ಗುಬ್ಬಿಯ ಪಕ್ಕ ಕೂರಲು ಜಗಳ. ಗೆದ್ದವನು ಡುಮ್ಮ.

ಒಂದು ದಿನ ಆಟದ ಬಯಲಲ್ಲಿ ಧೂಳೆದ್ದಿತು. ಓಡುತ್ತಿದ್ದ ಗುಬ್ಬಿ ನಲ್ಲಿಕಟ್ಟೆಯ ಬಳಿ ಕುಸಿದಳು. ಎದೆಯಲ್ಲಿ ಸಿಳ್ಳೆ.

"ರಾಕ್ಷಸ ಎದ್ದ! ಹೊಡೀರೋ ಅವನಿಗೆ!"

ಇಡೀ ತರಗತಿ ಮುಗಿಬಿತ್ತು. ಬೆನ್ನಿಗೆ ಗುದ್ದು, ಎದೆಗೆ ಗುದ್ದು. ಒಬ್ಬಳು ನೀರಿನ ಬಾಟಲಿಯಿಂದ ಬಾರಿಸಿದಳು, ಇನ್ನೊಬ್ಬ ಊಟದ ಡಬ್ಬಿಯಿಂದ. "ಬಿಡೋ ನಮ್ ಗುಬ್ಬೀನ!" ಎಂದು ಅಳುತ್ತಲೇ ಒದೆಯುವವರೂ ಇದ್ದರು. ಗುಬ್ಬಿಯ ಮುಖ ಕಟ್ಟೆಗೆ ಬಡಿದು ತುಟಿ ಸೀಳಿತು. ಕೂಗೋಣವೆಂದರೆ ಉಸಿರೇ ಇಲ್ಲ.

ಸೂಜಿ ಮಿಸ್ ಒಂದೇ ಚಪ್ಪಲಿಯಲ್ಲಿ ಓಡಿಬಂದರು. ಕಾಲರ್ ಸಿಕ್ಕಿದವರನ್ನು ಕಾಲರ್ ಹಿಡಿದು, ಜಡೆ ಸಿಕ್ಕಿದವರನ್ನು ಜಡೆ ಹಿಡಿದು ಎಳೆದು ಬಿಸಾಡಿದರು. ಯಾರದೋ ಮಂಡಿ ತರಚಿತು, ಯಾರದೋ ಕೆನ್ನೆ ಚಟೀರೆಂದಿತು. ಗುಬ್ಬಿಯ ತುಟಿ ರಕ್ತದಡಿಯಲ್ಲಿ ನೀಲಿಗಟ್ಟುತ್ತಿತ್ತು.

"ಇನ್ಹೇಲರ್ ಎಲ್ಲಿ?"

ಡುಮ್ಮ ಕಟ್ಟೆಯ ಮೇಲೆ ನಿಂತು ಅದನ್ನು ಗಾಳಿಗೆ ಗುರಿಯಿಟ್ಟು ಪುಸ್ ಪುಸ್ಸೆಂದು ಹಾರಿಸುತ್ತಿದ್ದ. "ಓಡಿಹೋಗ್ತಿದಾನೆ ಮಿಸ್! ನಾನ್ ಬಿಡಲ್ಲ!"

ಅವನ ಮಣಿಕಟ್ಟು ತಿರುಚಿ ಕಿತ್ತುಕೊಂಡರು. ಅವನು ಕಿರುಚಿದ. ಒಳಗೆ ಮದ್ದು ಉಳಿದಿದೆಯೋ ಇಲ್ಲವೋ! ಕಿವಿಯ ಬಳಿ ಹಿಡಿದು ಅಲುಗಿಸಿ, ಗುಬ್ಬಿಯ ಬಾಯಿಗಿಟ್ಟರು.

"ನೆಟ್ಟಗೆ ಕೂತ್ಕೋ ಚಿನ್ನ. ಎಳ್ಕೋ."

ಸಣ್ಣದೊಂದು ಪುಸ್. ತಡೆದು ಮತ್ತೊಂದು. ಗುಬ್ಬಿಯ ಕುತ್ತಿಗೆಯ ಗುಳಿ ಒಳಕ್ಕೆ ಜಗ್ಗುತ್ತಲೇ ಇತ್ತು. ಮತ್ತೊಂದು. ಕೊನೆಗೆ ಹೆಗಲು ಇಳಿಯಿತು, ಸಿಳ್ಳೆ ತೆಳುವಾಯಿತು.

"ಮಿಸ್," ಎಂದಳು ಗುಬ್ಬಿ ರಕ್ತ ನುಂಗುತ್ತಾ, "ಅವನಿಗೆ ಹೊಡೆದ್ರೆ ನಂಗೆ ನೋಯುತ್ತೆ."

ತುಟಿಗೆ ಆಸ್ಪತ್ರೆಯಲ್ಲಿ ಹೊಲಿಗೆ ಬಿತ್ತು. ಗುಬ್ಬಿಯ ಅಜ್ಜಿ ಶಾಲೆಗೇ ಬಂದರು. "ಹೊಡೀರಿ ಅಂತ ಹೇಳ್ಕೊಟ್ಟೋರು ಯಾರಮ್ಮ?"

"ನಾನೇ, ಅಮ್ಮ."

ಅಜ್ಜಿ ಬೈಗುಳ ತುಂಬಿಕೊಂಡೇ ಬಂದಿದ್ದರು. ಆದರೂ "ಹಾಗಾದ್ರೆ ಮಕ್ಕಳಿಗೆ ನೀವೇ ಮತ್ತೆ ಬಿಡಿಸಿ ಹೇಳಿ" ಎಂದಷ್ಟೇ ಅಂದು ಹೊರಟರು.

ಗುಬ್ಬಿ ಮರಳಿದ ದಿನ ಬೆಂಚಿನ ತುದಿಯಲ್ಲಿ ಒಬ್ಬಳೇ ಕುಳಿತಳು. ಯಾರಾದರೂ ಕೈಯೆತ್ತಿದರೆ ಸಾಕು, ತಲೆ ಮುಚ್ಚಿಕೊಳ್ಳುತ್ತಿದ್ದಳು. ಸೂಜಿ ಮಿಸ್ ಎಲ್ಲರಿಗೂ ಒಂದೊಂದು ಸ್ಟ್ರಾ ಹಂಚಿ, ಮೂಗು ಹಿಡಿದು ಅದರಲ್ಲೇ ಉಸಿರಾಡಲು ಹೇಳಿದರು. ಕೆಲವರು ಬೇಗನೆ ಕೈಬಿಟ್ಟರು.

"ಕಷ್ಟ ಅಲ್ವಾ? ಗುಬ್ಬಿ ಉಸಿರಿನ ಕೊಳವೆ ಊದ್ಕೊಂಡು ಹೀಗೇ ಕಿರಿದಾಗುತ್ತೆ. ಇನ್ಹೇಲರ್ ಅದನ್ನ ಅಗಲ ಮಾಡುತ್ತೆ. ಅವಳನ್ನ ಕೂರಿಸಿ, ಇನ್ಹೇಲರ್ ಅವಳ ಕೈಗೇ ಕೊಟ್ಟು, ನನ್ನ ಕರೀರಿ. ರಾಕ್ಷಸ ಗೀಕ್ಷಸ ಯಾರೂ ಇಲ್ಲ."

ಪಟ್ಟಿ ಸುತ್ತಿದ ಕೈಯೊಂದು ಮೇಲೆದ್ದಿತು. "ಹಾಗಾದ್ರೆ ಅವತ್ತು ನಾವು ಹೊಡೆದಿದ್ದು ಯಾರಿಗೆ ಮಿಸ್?"

"ಗುಬ್ಬಿಗೆ ಕಣೋ. ನಿನ್ನ ಕೈ ತಿರುಚಿದ್ದೂ ರಾಕ್ಷಸ ಅಲ್ಲ, ನಾನು."

ಡುಮ್ಮ ಎದ್ದುಹೋಗಿ, ಜಗಿದು ಚಪ್ಪಟೆಯಾದ ತನ್ನ ಸ್ಟ್ರಾವನ್ನು ಗುಬ್ಬಿಯ ಮುಂದಿಟ್ಟು, ಪಕ್ಕದಲ್ಲಿ ಕುಳಿತ. ಗುಬ್ಬಿ ಮೊಣಕೈಯಿಂದ ಅವನ ಪಕ್ಕೆಗೆ ಅಯ್ಯೋ ಎನ್ನುವಂತೆ ತಿವಿದಳು.

"ಜರುಗು. ಉಸಿರಾಡೋಕೆ ಜಾಗ ಬೇಡ್ವಾ?"

ಅವನು ಜರುಗಿದ, ಎದ್ದುಹೋಗಲಿಲ್ಲ. ಸೂಜಿ ಮಿಸ್ ಆ ತಿವಿತವನ್ನು ಕಂಡರೂ ಕಾಣದವರಂತೆ ಸ್ಟ್ರಾಗಳನ್ನು ಆಯತೊಡಗಿದರು.